ಪೊಟ್ಟಣ ಜಪಾನಿನದು, ಪಿಸ್ಟನ್ ಎಲ್ಲಿಯದು? ಒಂದು ರಾಜ್‌ದೂತ್ 350ರ ಪ್ರಕರಣ

ಪಾಂಡವಪುರದ ಕಡೆಯಿಂದ ಗೂಡ್ಸ್ ಆಟೋದಲ್ಲಿ ಮೈಸೂರಿನ ನನ್ನ ಗ್ಯಾರೇಜಿಗೆ ಬಂದ ರಾಜ್‌ದೂತ್ 350 ಬೈಕನ್ನು ಇಬ್ಬರು ಸೇರಿ ಇಳಿಸಿದೆವು. ಬಣ್ಣ ಕನ್ನಡಿಯಂತಿತ್ತು, ಕ್ರೋಮ್‌ನಲ್ಲಿ ಮುಖ ಕಾಣುತ್ತಿತ್ತು. ಕಿಕ್ ಮೇಲೆ ಕಾಲಿಟ್ಟರೆ ಅರ್ಧಕ್ಕೇ ನಿಂತಿತು. ಇನ್ನಷ್ಟು ಅದುಮಿದಾಗ ಒಳಗೆ ಕರ್ ಎಂದಿತು. ಜೊತೆಗೆ ಬಂದಿದ್ದ ಹುಡುಗನಿಗೆ ಮೂವತ್ತರ ಆಸುಪಾಸು, ಊರಲ್ಲಿ ಕಬ್ಬಿನ ಗದ್ದೆ ನೋಡಿಕೊಂಡಿದ್ದಾನೆ. ಒಂದು ಪ್ಲಾಸ್ಟಿಕ್ ಫೈಲು ಕೈಗಿತ್ತು, "ಎಲ್ಲಾ ಜಪಾನ್ ಮಾಲೇ ಹಾಕ್ಸಿವ್ನಿ ಸಾರ್, ಬಿಲ್ ಐತೆ. ಆದ್ರೂ ಎರಡು ಸಲ ಜಾಮ್ ಆಯ್ತು" ಅಂದ.

ಗಾಡಿ ಅವನ ತಂದೆಯದು. ಆರ್‌ಸಿ ಪುಸ್ತಕದಲ್ಲಿ 1984, ಮೊದಲ ಮಾಲೀಕರ ಹೆಸರೇ ಇನ್ನೂ ಇದೆ. ತಂದೆ ತೀರಿಕೊಂಡ ಮೇಲೆ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿಯನ್ನು ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಪೂರ್ತಿ ರೆಸ್ಟೋರ್ ಮಾಡಿಸಿದ್ದಾನೆ. ಅಲ್ಲಿಂದ ಮೀಟರಿನಲ್ಲಿ ಓಡಿರುವುದು 412 ಕಿಲೋಮೀಟರ್. ಅಷ್ಟರಲ್ಲಿ ಎಡ ಸಿಲಿಂಡರ್ ಎರಡು ಸಲ ಹಿಡಿದಿದೆ, ಅಂದರೆ ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಗೋಡೆಗೆ ಕಚ್ಚಿಕೊಂಡು ಸೀಜ್ ಆಗಿದೆ. ಎರಡನೆಯ ಸಲ ಶ್ರೀರಂಗಪಟ್ಟಣದ ಹತ್ತಿರ ಹಿಂದಿನ ಚಕ್ರ ಲಾಕ್ ಆಗಿ, ಹೇಗೋ ಕ್ಲಚ್ ಹಿಡಿದು ಬದುಕಿದ್ದಾನೆ. ಹೆದ್ದಾರಿಯಲ್ಲಿ ಟೂ ಸ್ಟ್ರೋಕ್ ಸೀಜ್ ಆದರೆ ಏನಾಗುತ್ತದೆ ಅನ್ನುವುದು ಆ ಗಾಡಿ ಓಡಿಸಿದವರಿಗೆಲ್ಲ ಗೊತ್ತು. ಒರಿಜಿನಲ್ ಯಾವುದು, ಡೂಪ್ಲಿಕೇಟು ಯಾವುದು ಎನ್ನುವುದನ್ನು ನಾನು ಪ್ರಾಣದ ಪ್ರಶ್ನೆಯಾಗಿ ನೋಡುವುದು ಇದಕ್ಕೇ.

ಈ ಗಾಡಿಯ ವಂಶ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜಪಾನಿನ ಯಮಹಾ 1973ರಲ್ಲಿ ಆರ್‌ಡಿ 350 ತಂದಿತು. ಎರಡು ಸಿಲಿಂಡರ್, ತಲಾ 64 ಮಿಲಿಮೀಟರ್ ಬೋರ್ (ಒಳವ್ಯಾಸ), 54 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಒಟ್ಟು 347 ಸಿಸಿ, ರೀಡ್ ವಾಲ್ವ್, ಆರು ಗೇರು. ಅದರ ಆರ್‌ಡಿ 350 ಬಿ ಮಾದರಿಯನ್ನೇ ಹಿಡಿದು ಎಸ್ಕಾರ್ಟ್ಸ್ ಕಂಪನಿ 1983ರಿಂದ 1989ರವರೆಗೆ ನಮ್ಮಲ್ಲಿ ರಾಜ್‌ದೂತ್ 350 ತಯಾರಿಸಿತು. ಜಪಾನಿನದು 39 ಬಿಎಚ್‌ಪಿ. ನಮ್ಮ ಮೊದಲಿನದು 30.5, ಅದೇ ಎಚ್‌ಟಿ, ಹೈ ಟಾರ್ಕ್. ಮೈಲೇಜಿಗಾಗಿ ಇನ್ನೂ ತಗ್ಗಿಸಿ ಮಾಡಿದ ಎಲ್‌ಟಿ, ಲೋ ಟಾರ್ಕ್, 27. ಮುಂದಿನ ಚಕ್ರಕ್ಕೆ ಜಪಾನಿನಲ್ಲಿ ಡಿಸ್ಕ್, ನಮ್ಮಲ್ಲಿ ಡ್ರಮ್. ಹಾಗಾಗಿ ಇವು ಒಂದೇ ತಾಯಿಯ ಮಕ್ಕಳಾದರೂ ಒಬ್ಬರ ಅಂಗಿ ಇನ್ನೊಬ್ಬರಿಗೆ ಎಲ್ಲ ಕಡೆ ಸರಿಹೋಗುವುದಿಲ್ಲ. ಒಂದು ರಾಜ್‌ದೂತ್‌ಗೆ ಜಪಾನಿನ ಭಾಗ ಹಾಕಿದ ಮಾತ್ರಕ್ಕೆ ಅದು ಒರಿಜಿನಲ್ ಆಯಿತು ಅನ್ನುವುದು ಈ ಹವ್ಯಾಸದಲ್ಲಿ ಬೇರೂರಿರುವ ತಪ್ಪು ತಿಳುವಳಿಕೆ. ಹುಡುಗನ ಫೈಲಿನ ಪ್ರತಿ ಬಿಲ್ಲಿನ ಮೇಲೂ ಇದ್ದದ್ದು ಅದೇ ಎರಡು ಪದ: ಜಪಾನ್, ಒರಿಜಿನಲ್.

ಫೈಲನ್ನು ಪಕ್ಕಕ್ಕಿಟ್ಟೆ. ಪಿಸ್ಟನ್ ಡೂಪ್ಲಿಕೇಟ್ ಇರಬಹುದು ಎಂಬ ಅನುಮಾನ ಬಂದ ಕೂಡಲೇ ಅದೇ ಕಾರಣ ಎಂದು ತೀರ್ಮಾನ ಮಾಡಿಬಿಟ್ಟರೆ, ಹೊಸ ಪಿಸ್ಟನ್ ಹಾಕಿದ ಮೇಲೂ ಅದೇ ಕಾಯಿಲೆ ಮರುಕಳಿಸುತ್ತದೆ. ಆರ್‌ಡಿಯಲ್ಲಿ ಎಡಗಡೆ ಕಿಡಿಯ ಪಾಯಿಂಟ್ಸ್ ಮತ್ತು ಕರೆಂಟು ಹುಟ್ಟಿಸುವ ಆಲ್ಟರ್ನೇಟರ್, ಬಲಗಡೆ ಕ್ಲಚ್. ಬಲಗಡೆಯ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ದಂಡದ ತುದಿಯಲ್ಲಿ ಗಾಳಿ, ಆಯಿಲ್ ತಡೆಯುವ ರಬ್ಬರ್ ಬಳೆ, ಹೋದರೆ ಗೇರ್‌ಬಾಕ್ಸ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಕಕ್ಕುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಎಡಗಡೆಯದು ಹೋದರೆ ಸದ್ದಿಲ್ಲದೆ ಗಾಳಿ ಎಳೆದುಕೊಳ್ಳುತ್ತದೆ, ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗಿ ಎಡ ಸಿಲಿಂಡರ್ ಹಿಡಿಯುತ್ತದೆ. ಈ ಗಾಡಿಯಲ್ಲಿ ಹಿಡಿದಿದ್ದು ಎಡವೇ. ಹಾಗಾಗಿ ಹೆಡ್ ಬಿಚ್ಚುವ ಮೊದಲು ಲೀಕ್ ಟೆಸ್ಟ್. ಎರಡೂ ಕಡೆಯ ಇನ್‌ಟೇಕ್, ಎಕ್ಸಾಸ್ಟ್ ಮುಚ್ಚಿ ಆರು ಪಿಎಸ್‌ಐ ಗಾಳಿ ತುಂಬಿದೆ. ನಡುವಿನ ಲ್ಯಾಬಿರಿಂತ್ ಸೀಲ್ ಎರಡು ಸಿಲಿಂಡರುಗಳ ಕೆಳಗಿನ ಕ್ರ್ಯಾಂಕ್ ಕೋಣೆಗಳ ನಡುವೆ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ, ಅದಕ್ಕೇ ಎರಡನ್ನೂ ಒಟ್ಟಿಗೆ ಮುಚ್ಚಬೇಕು. ಆರು ನಿಮಿಷ ಕಾದೆವು. ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಸೋಪಿನ ನೀರು ಹಚ್ಚಿದರೂ ಗುಳ್ಳೆ ಏಳಲಿಲ್ಲ. ಸೀಲುಗಳ ಮೇಲೆ ಜಪಾನಿನ ಸೀಲ್ ಕಂಪನಿ ಎನ್‌ಒಕೆಯ ಅಚ್ಚಿತ್ತು, ಅವು ನಿಜಕ್ಕೂ ಒಳ್ಳೆಯವೇ. ಆ ಹಿಂದಿನ ಮೆಕ್ಯಾನಿಕ್ ಕೆಲಸ ಗೊತ್ತಿದ್ದವನೇ ಎಂದು ಅಲ್ಲೇ ನನಗೆ ಅನ್ನಿಸಿತು.

ಎಂಜಿನ್ನಿಗೆ ಆಯಿಲ್ ಹಾಯಿಸುವ ಆಟೋಲ್ಯೂಬ್ ಪಂಪು ಸರಿಯಿತ್ತು, ಕೇಬಲ್ ಗುರುತು ಸರಿಯಿತ್ತು. ಕಾರ್ಬುರೇಟರ್ ತೆಗೆದು, ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ಜೆಟ್‌ಗಳನ್ನು ಲೆನ್ಸಿನಡಿ ಹಿಡಿದೆ. ಮಿಕುನಿ ಕಂಪನಿಯ ಜೆಟ್‌ಗಳ ಮೇಲೆ ಸಂಖ್ಯೆಯ ಜೊತೆ ಒಂದು ಪುಟ್ಟ ಚೌಕ, ಅದರೊಳಗೆ ಇನ್ನೊಂದು ಚೌಕ ಒತ್ತಿರುತ್ತಾರೆ. ಇವುಗಳ ಮೇಲೆ ಬರೀ ಸಂಖ್ಯೆ. ಬಲಗಡೆಯ ಮೇನ್ ಜೆಟ್ಟಿಗೂ ಎಡಗಡೆಯದಕ್ಕೂ ಒಂದೇ ನಂಬರು, ಆದರೆ ಒಂದರಲ್ಲಿ ಸಲೀಸಾಗಿ ಹೋದ ತಂತಿ ಇನ್ನೊಂದರಲ್ಲಿ ಹೋಗಲಿಲ್ಲ. ಎಡಗಡೆಯದೇ ಬಿಗಿ. ಅಂದರೆ ಪೆಟ್ರೋಲ್ ಕಡಿಮೆ ಹೋಗಿದೆ. ಇದು ಒಂದು ಕಾರಣವಾಗಿರಬಹುದು, ಆದರೆ ಇದೊಂದೇ ಅಲ್ಲ ಅನ್ನುವುದು ಸಿಲಿಂಡರ್ ಎತ್ತಿದ ಮೇಲೆ ಗೊತ್ತಾಯಿತು.

ಮಿಶ್ರಣ ತೆಳುವಾಗಿ ಹಿಡಿದ ಪಿಸ್ಟನ್ನಿನಲ್ಲಿ ಗೀರು ಹೆಚ್ಚಾಗಿ ಎಕ್ಸಾಸ್ಟ್ ಕಡೆ ಬೀಳುತ್ತದೆ, ಬಿಸಿ ಅಲ್ಲೇ ಜಾಸ್ತಿ. ಈ ಪಿಸ್ಟನ್ನಿನಲ್ಲಿ ಗೀರು ನಾಲ್ಕು ಮೂಲೆಗೆ ಬಿದ್ದಿತ್ತು, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಎರಡು ಬದಿಗೂ ಎರಡೆರಡು ಪಟ್ಟಿ, ಮೇಲಿಂದ ಕೆಳಗೆ. ಎಕ್ಸಾಸ್ಟ್ ಕಡೆಯ ಮಧ್ಯಭಾಗ ನುಣ್ಣಗೆ ಹಾಗೇ ಉಳಿದಿತ್ತು. ಬಲ ಪಿಸ್ಟನ್ನಿನಲ್ಲೂ ಅದೇ ನಾಲ್ಕು ಜಾಗದಲ್ಲಿ ಮಸುಕಾಗಿ ಅದೇ ಗುರುತು ಶುರುವಾಗಿತ್ತು. ಅದಿನ್ನೂ ಹಿಡಿದಿರಲಿಲ್ಲ, ಹಿಡಿಯುವ ದಾರಿಯಲ್ಲಿತ್ತು.

ಮೈಕ್ರೋಮೀಟರ್ ತಂದು, ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಳೆದೆ. ಬುಡದಿಂದ ಹತ್ತು ಮಿಲಿಮೀಟರ್ ಮೇಲೆ, ಪಿನ್ನಿಗೆ ಅಡ್ಡಲಾಗಿ: 64.45. ಸಿಲಿಂಡರ್ ಬೋರ್, ಗೀರಿಲ್ಲದ ಕಡೆ: 64.50. ನಡುವೆ ಐದು ಪಾಯಿಂಟ್, ಅಂದರೆ ಮಿಲಿಮೀಟರಿನ ನೂರರಲ್ಲಿ ಐದು ಪಾಲು. ಗಾಳಿಯಲ್ಲಿ ತಣಿಯುವ ಇಂಥ ಎಂಜಿನ್ನಿಗೆ ಅದು ಸರಿಯಾದ ಕ್ಲಿಯರೆನ್ಸೇ. ಹಿಂದಿನ ಮೆಕ್ಯಾನಿಕ್ ಇಲ್ಲಿಯವರೆಗೆ ಅಳೆದು, ಸರಿ ಎಂದು ಕಟ್ಟಿಬಿಟ್ಟಿದ್ದಾನೆ. ಆಮೇಲೆ ಪಿನ್ನಿನ ಉದ್ದಕ್ಕೆ, ಅದೇ ಎತ್ತರದಲ್ಲಿ ಅಳೆದೆ: 64.44.

ನಾನು ಎರಡನೇ ಸಲ ಅಳೆದೆ. 64.44.

ಪಿಸ್ಟನ್ ನೋಡಲು ದುಂಡಗಿರುತ್ತದೆ, ಆದರೆ ಒಳ್ಳೆಯ ಪಿಸ್ಟನ್ ಯಾವತ್ತೂ ದುಂಡಗಿರುವುದಿಲ್ಲ. ಪಿನ್ ಕೂರುವ ಜಾಗದಲ್ಲಿ ಲೋಹ ದಪ್ಪ, ಬಿಸಿಯಾದಾಗ ಆ ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಅದಕ್ಕೆಂದೇ ತಯಾರಿಸುವಾಗಲೇ ಆ ದಿಕ್ಕಿನಲ್ಲಿ ಕಡಿಮೆ ಇಟ್ಟು ಮೊಟ್ಟೆಯಾಕಾರ ಮಾಡಿರುತ್ತಾರೆ. ತಲೆಯ ಕಡೆ ಬಿಸಿ ಜಾಸ್ತಿ, ಹಾಗಾಗಿ ಅಲ್ಲಿ ಬುಡಕ್ಕಿಂತ ಸಣ್ಣ. ಅಲ್ಯೂಮಿನಿಯಮ್ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಿಲಿಂಡರಿನ ಒಳಗೋಡೆ ಕಬ್ಬಿಣದ್ದು. ತಣ್ಣಗಿದ್ದಾಗಲೇ ದುಂಡಗಿರುವ ಪಿಸ್ಟನ್ ಬಿಸಿಯಾದಾಗ ಪಿನ್ನಿನ ಎರಡು ಬದಿಗೆ ಉಬ್ಬಿ ಗೋಡೆಗೆ ಒತ್ತಿಕೊಂಡಿದೆ. ನಾಲ್ಕು ಮೂಲೆಯ ಗೀರು ಬಂದದ್ದು ಅಲ್ಲಿಂದ.

ಇದನ್ನು ಬಾಯಲ್ಲಿ ಹೇಳಿದರೆ ಹುಡುಗ ನಂಬುತ್ತಿದ್ದನೋ ಇಲ್ಲವೋ. ನಂಬಿಸಿದ್ದು ಒಂದು ಗೋಣಿಚೀಲ. ಹಿಂದಿನ ಗ್ಯಾರೇಜಿನವರು ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ಅದರಲ್ಲಿ ತುಂಬಿ ವಾಪಸ್ ಕೊಟ್ಟಿದ್ದರು. ಅವರ ಪ್ರಾಮಾಣಿಕತೆಗೆ ನಾನು ಇವತ್ತಿಗೂ ಋಣಿ. ತಂದೆಯ ಕಾಲದ ಎರಡು ಪಿಸ್ಟನ್‌ಗಳು ಮಸಿ ಮೆತ್ತಿಕೊಂಡು ತಳದಲ್ಲಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು ಅಳೆದೆವು. ಪಿನ್ನಿಗೆ ಅಡ್ಡಲಾಗಿ 63.91, ಉದ್ದಕ್ಕೆ 63.74. ಸವೆದು ಹೋಗಿದ್ದರೂ ಹದಿನೇಳು ಪಾಯಿಂಟಿನ ಆ ಮೊಟ್ಟೆಯಾಕಾರ ಇನ್ನೂ ಉಳಿದಿತ್ತು. ತಕ್ಕಡಿಗೆ ಹಾಕಿದರೆ ಎರಡರ ನಡುವೆ ಒಂದು ಗ್ರಾಂ ಕೂಡ ವ್ಯತ್ಯಾಸವಿಲ್ಲ. ಹೊಸ "ಜಪಾನ್" ಜೋಡಿಯಲ್ಲಿ ಏಳು ಗ್ರಾಂ. ರಿಂಗಿನ ಕಚ್ಚಿನಲ್ಲಿರುವ ಪುಟ್ಟ ಪಿನ್ನನ್ನು ಸೂಜಿಯಿಂದ ಮುಟ್ಟಿದೆ, ಹಳೆಯದರಲ್ಲಿ ಕಲ್ಲಿನಂತಿತ್ತು, ಹೊಸದರಲ್ಲಿ ಅಲ್ಲಾಡಿತು. ಆ ಪಿನ್ ಬಿಚ್ಚಿಕೊಂಡರೆ ರಿಂಗು ತಿರುಗಿ, ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.

ಹುಡುಗ ಹಳೆಯ ಪಿಸ್ಟನ್ನನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. "ಇದ್ನ ಗುಜ್ರಿಗೆ ಹಾಕಕ್ಕೆ ಇಟ್ಟಿದ್ದೆ" ಅಂದ.

ಆಮೇಲೆ ಪೊಟ್ಟಣ ನೋಡಿದೆವು. ಕಡೆಗೆ ನೋಡಿದ್ದು ಬೇಕೆಂದೇ. ಪೊಟ್ಟಣವನ್ನು ಮೊದಲು ನೋಡಿದರೆ ಕಣ್ಣು ಅದನ್ನು ನಂಬಿಯೇ ವಸ್ತುವನ್ನು ನೋಡುತ್ತದೆ. ಚೀಟಿಯ ಮೇಲಿನ ಗುರುತಿನಲ್ಲಿ ಮೂರು ಶ್ರುತಿಕವಲುಗಳು (ಟ್ಯೂನಿಂಗ್ ಫೋರ್ಕ್) ವೃತ್ತದ ಒಳಗೇ ಮುಗಿದಿದ್ದವು. ಅದು ಪಿಯಾನೊ, ಗಿಟಾರು ಮಾಡುವ ಯಮಹಾದ ಗುರುತು. ಮೋಟಾರು ಕಂಪನಿ 1955ರಲ್ಲೇ ಬೇರೆಯಾಯಿತು, ಅದರ ಈಗಿನ ಗುರುತಿನಲ್ಲಿ ಕವಲಿನ ತುದಿಗಳು ಹೊರಗಿನ ಬಳೆಯನ್ನು ಮುಟ್ಟುತ್ತವೆ. ಆದರೆ ಗುರುತು, ಬಣ್ಣ, ರಟ್ಟು ಎಲ್ಲ ಕಾಲಕಾಲಕ್ಕೆ ಬದಲಾಗುತ್ತವೆ, ಅದೊಂದನ್ನೇ ನೆಚ್ಚಿಕೊಳ್ಳಬಾರದು. ನನಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಪಾರ್ಟ್ ನಂಬರಿನಲ್ಲಿ.

ಯಮಹಾದ ನಂಬರಿನಲ್ಲಿ ಮೊದಲ ಮೂರು ಅಕ್ಷರ ಮಾದರಿಯ ಸಂಕೇತ. ನಡುವಿನ ಐದು ಅಂಕಿ ಅದು ಯಾವ ಭಾಗ ಎನ್ನುವುದನ್ನು ಹೇಳುತ್ತದೆ, ಮತ್ತು ಆ ಐದು ಅಂಕಿ ಮಾದರಿ ಬದಲಾದರೂ ಬದಲಾಗುವುದಿಲ್ಲ. 11631 ಎಂದರೆ ಸ್ಟ್ಯಾಂಡರ್ಡ್ ಪಿಸ್ಟನ್. 11635 ಮೊದಲ ಓವರ್‌ಸೈಜ್, ಅಂದರೆ ಸಿಲಿಂಡರನ್ನು ಕೊರೆದು ಹಿಗ್ಗಿಸಿದ ಮೇಲೆ ಹಾಕುವ, 0.25 ಮಿಲಿಮೀಟರ್ ದೊಡ್ಡ ಪಿಸ್ಟನ್. 11636 ಎರಡನೆಯದು, 0.50. 11181 ಹೆಡ್ ಗ್ಯಾಸ್ಕೆಟ್, 14101 ಕಾರ್ಬುರೇಟರ್. 933ರಿಂದ ಶುರುವಾದರೆ ಬೇರಿಂಗ್, 931 ಆದರೆ ಆಯಿಲ್ ಸೀಲ್. ಮಂಡ್ಯದಲ್ಲಿ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರು ಎಷ್ಟು ಜನ ಇದ್ದಾರೆ ಅನ್ನುವುದು ಗೊತ್ತಿರುವುದರಿಂದ ಇಲ್ಲೇ ಹೇಳಿಬಿಡುತ್ತೇನೆ, ಈ ಐದು ಅಂಕಿಯ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ, ಬರೆದಿಟ್ಟುಕೊಳ್ಳಿ. ನಮ್ಮ ಪೊಟ್ಟಣದ ಮೇಲಿದ್ದದ್ದು 11631, ಸ್ಟ್ಯಾಂಡರ್ಡ್. ಒಳಗಿದ್ದ ಪಿಸ್ಟನ್ ಅರ್ಧ ಮಿಲಿಮೀಟರ್ ಓವರ್‌ಸೈಜ್. ಓವರ್‌ಸೈಜ್ ಪಿಸ್ಟನ್ನಿನ ತಲೆಯ ಮೇಲೆ ಆ ಅಳತೆ ಒತ್ತಿರಬೇಕು, ಅದೂ ಇರಲಿಲ್ಲ. ಚೀಟಿಗೂ ವಸ್ತುವಿಗೂ ಸಂಬಂಧವೇ ಇಲ್ಲ. ಈ ಜೋಡಿಗೆ ಅವನು ಕೊಟ್ಟದ್ದು 32,000 ರೂಪಾಯಿ.

ಫೈಲಿನಲ್ಲಿದ್ದ ಉಳಿದ ಸಾಮಾನನ್ನೂ ಹೀಗೇ ಒಂದೊಂದಾಗಿ ನೋಡಿದೆವು. ಸೀಲುಗಳು ಅಪ್ಪಟ. ಗ್ಯಾಸ್ಕೆಟ್ ಸೆಟ್ಟು ಇಲ್ಲೇ ಮಾಡಿದ್ದು, ಜಪಾನ್ ಅಂತ ಬರೆದುಕೊಂಡಿದ್ದರೂ ಕೆಲಸಕ್ಕೆ ಅಡ್ಡಿಯಿಲ್ಲ. ಕ್ರ್ಯಾಂಕಿನ ಬೇರಿಂಗಿನಲ್ಲಿ ಸದ್ದಿಲ್ಲ, ಗುರುತು ಸರಿಯಿದೆ, ಮುಟ್ಟಲಿಲ್ಲ. ಜೆಟ್‌ಗಳನ್ನು ಎಸೆದು, ಗೋಣಿಚೀಲದಲ್ಲಿದ್ದ ಹಳೆಯ ಕಾರ್ಬುರೇಟರಿನ ಜೆಟ್‌ಗಳನ್ನೇ ತೊಳೆದು ಹಾಕಿದೆ. ಅವುಗಳ ಮೇಲೆ ಚೌಕದೊಳಗಿನ ಚೌಕ ಸ್ಪಷ್ಟವಾಗಿತ್ತು. "ಮೇಡ್ ಇನ್ ಜಪಾನ್" ಇಲ್ಲದ್ದೆಲ್ಲ ನಕಲಿಯಲ್ಲ ಅನ್ನುವುದನ್ನೂ ಹೇಳಬೇಕು. ಚೆನ್ನೈನ ಯುಕಾಲ್ ಕಂಪನಿ ಮಿಕುನಿಯ ಸಹಯೋಗದಲ್ಲೇ ಕಾರ್ಬುರೇಟರ್ ಮಾಡಿದೆ. ಯುಕಾಲ್ ಎಂಬ ಅಚ್ಚು ಕಂಡ ತಕ್ಷಣ ಆರ್‌ಎಕ್ಸ್‌ನ ಕಾರ್ಬುರೇಟರ್ ಕಿತ್ತು ಎಸೆದವರನ್ನು ನೋಡಿದ್ದೇನೆ, ಸಂಕಟವಾಗುತ್ತದೆ.

ಪಿಸ್ಟನ್ ಹುಡುಕಲು ಹನ್ನೊಂದು ವಾರ ಹಿಡಿಯಿತು. ಗೀರಿನ ಆಳ ನೋಡಿದರೆ 0.75 ಓವರ್‌ಸೈಜಿಗೆ ಹೋಗಲೇಬೇಕಿತ್ತು, ಅದಾದ ಮೇಲೆ ಈ ಸಿಲಿಂಡರಿಗೆ ಉಳಿಯುವುದು 1.00 ಒಂದೇ. ಒಂದು ಡೂಪ್ಲಿಕೇಟು ಪಿಸ್ಟನ್ ಕದಿಯುವುದು ಬರೀ ಹಣವನ್ನಲ್ಲ, ಸಿಲಿಂಡರಿನ ಆಯುಸ್ಸನ್ನೂ ಹೌದು. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್ ಎಲ್ಲ ಕಡೆ ಗೊತ್ತಿದ್ದವರಿಗೆ ಫೋನ್ ಮಾಡಿದೆ. ಯಾರಲ್ಲಿ ಮಾಲು ಇದೆ ಅಂದರೂ ನಾನು ಕೇಳಿದ್ದು ಮೂರೇ ಫೋಟೋ: ಪಿಸ್ಟನ್ನಿನ ತಲೆ, ಒಳಹೊಟ್ಟೆ, ಮತ್ತು ಪಿನ್ನಿನ ಅಡ್ಡಕ್ಕೂ ಉದ್ದಕ್ಕೂ ಅಳತೆ ತೆಗೆಯುವಾಗಿನ ಮೈಕ್ರೋಮೀಟರಿನ ಓದು. ಒಬ್ಬರು ಪೊಟ್ಟಣದ ಫೋಟೋ ಆರು ಕೋನದಿಂದ ಕಳಿಸಿದರು, ಸೀಲ್ ಒಡೆದರೆ ಬೆಲೆ ಹೋಗುತ್ತದೆ ಅಂದರು. ಮುಚ್ಚಿದ ಪೊಟ್ಟಣಕ್ಕೆ ಬೆಲೆ ಬರುವುದು ಅದನ್ನು ಕಪಾಟಿನಲ್ಲಿ ಇಡುವವನಿಂದ, ನಮಗೆ ಬೇಕಿದ್ದದ್ದು ಓಡಿಸಲು. ಬಿಟ್ಟೆವು. ಇನ್ನೊಬ್ಬರು ಫೋಟೋ ಕೇಳಿದ ಮೇಲೆ ಫೋನನ್ನೇ ಎತ್ತಲಿಲ್ಲ.

ಕಡೆಗೆ ಸಿಕ್ಕಿದ್ದು ಯಮಹಾ ಪೊಟ್ಟಣದ್ದಲ್ಲ. ಜಪಾನಿನಲ್ಲೇ ಎರಕ ಹೊಯ್ದ, ಬೇರೆ ಹೆಸರಿನಲ್ಲಿ ಮಾರುವ ಜೋಡಿ. ಕೇಳಿದ ಮೂರೂ ಫೋಟೋ ಆ ಮಾರಾಟಗಾರ ಅದೇ ದಿನ ಕಳಿಸಿದ. ಹುಡುಗನಿಗೆ ಬೇಸರವಾಯಿತು. ಅಪ್ಪನ ಗಾಡಿಗೆ ಕಂಪನಿ ಮಾಲೇ ಆಗಬೇಕೆಂಬ ಆಸೆ ಅವನಿಗೆ, ಅದು ತಪ್ಪೂ ಅಲ್ಲ. ನಾನು ಅಪ್ಪನ ಪಿಸ್ಟನ್ ಮತ್ತು ಹೊಸದನ್ನು ಪಕ್ಕಪಕ್ಕ ಇಟ್ಟು ಎರಡನ್ನೂ ಅವನ ಕೈಯಲ್ಲೇ ಅಳೆಸಿದೆ. ಹೊಸದರ ಮೊಟ್ಟೆಯಾಕಾರ ಹದಿನೆಂಟು ಪಾಯಿಂಟು ಬಂತು. ತೂಕ ಗ್ರಾಮಿನೊಳಗೆ ಕೂತಿತು. ರಿಂಗಿನ ತುದಿಯಲ್ಲಿ ಮೇಲ್ಮುಖ ತೋರಿಸುವ ಅಕ್ಷರ ಸ್ಪಷ್ಟವಾಗಿತ್ತು. ಅವನೇ "ಇದೇ ಹಾಕಿ ಸಾರ್" ಅಂದ. ಫೋರ್ಜ್ ಮಾಡಿದ ಅಮೆರಿಕದ ಪಿಸ್ಟನ್ನೂ ಸಿಗುತ್ತಿತ್ತು, ಗಟ್ಟಿ ಹೌದು, ಆದರೆ ಹಿಗ್ಗು ಜಾಸ್ತಿ, ಕ್ಲಿಯರೆನ್ಸ್ ಜಾಸ್ತಿ ಕೊಡಬೇಕು, ತಣ್ಣಗಿದ್ದಾಗ ಟಕಟಕ ಎನ್ನುತ್ತದೆ. ಹಬ್ಬಕ್ಕೋ ಸಂತೆಗೋ ಹೋಗಿಬರುವ ಗಾಡಿಗೆ ಅದು ಬೇಡ ಎನಿಸಿತು.

ಬೋರಿಂಗ್ ಕೆಲಸಕ್ಕೆ ಮೈಸೂರಿನವರು ಪುಣ್ಯವಂತರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇಲ್ಲಿ ನಡೆಯಿತು, ಟೂ ಸ್ಟ್ರೋಕ್ ಸಿಲಿಂಡರನ್ನು ಬೆರಳ ತುದಿಯಲ್ಲಿ ಓದಬಲ್ಲ ಒಂದು ತಲೆಮಾರನ್ನೇ ಬಿಟ್ಟುಹೋಯಿತು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇಟ್ಟಿರುವ, ಅದೇ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರ ಹತ್ತಿರ ಹೋದೆವು. ಅವರದ್ದು ಒಂದೇ ನಿಯಮ: ಪಿಸ್ಟನ್ ಮೇಜಿನ ಮೇಲೆ ಇಡದೆ ಬೋರ್ ಮಾಡುವುದಿಲ್ಲ. "0.75 ಅನ್ನೋದು ಹೆಸ್ರು, ಅಳತೆಯಲ್ಲ" ಅನ್ನುತ್ತಾರೆ. ಎಡಕ್ಕೆ ಹೋಗುವ ಪಿಸ್ಟನ್ 64.71, ಬಲಕ್ಕೆ 64.70. ಅದಕ್ಕೆ ತಕ್ಕಂತೆ ಎಡ ಸಿಲಿಂಡರ್ 64.755, ಬಲ 64.745 ಮಾಡಿ, ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹೋನ್ ಮಾಡಿದರು. ಪಿಸ್ಟನ್ ಅದಲುಬದಲಾಗದಂತೆ ಒಳಗಡೆ ಎ, ಬ ಎಂದು ಕನ್ನಡದಲ್ಲೇ ಗೀಚಿದರು. ಪೋರ್ಟುಗಳ ಚೂಪು ಅಂಚನ್ನು ಸಣ್ಣ ಕಲ್ಲಿನಿಂದ ಒಂದು ಗಂಟೆ ಕೂತು ಮೊಂಡು ಮಾಡಿದರು. ಅದನ್ನು ಬಿಟ್ಟರೆ ಎಂಥ ಅಪ್ಪಟ ರಿಂಗೂ ಉಳಿಯುವುದಿಲ್ಲ.

ಈ ನಡುವೆ ಇನ್ನೊಂದು ಪ್ರಶ್ನೆ ಎದ್ದಿತು. ಯಾರೋ ಅವನಿಗೆ ಜಪಾನಿನ ಆರ್‌ಡಿಯ ಡಿಸ್ಕ್ ಬ್ರೇಕ್ ಸಹಿತ ಮುಂಭಾಗ ಕೊಡುತ್ತೇನೆ, ಅದೇ ಒರಿಜಿನಲ್, ಡ್ರಮ್ ಆಮೇಲೆ ಯಾರೋ ಹಾಕಿದ್ದು ಎಂದು ಹೇಳಿ 85,000 ಕೇಳಿದ್ದರು. ನಾನು ವಾದ ಮಾಡಲಿಲ್ಲ, ಮನೆಯಲ್ಲಿ ಹಳೆಯ ಫೋಟೋ ಇದೆಯೇ ಎಂದು ಕೇಳಿದೆ. ಮುಂದಿನ ವಾರ ತಂದ. ಮೇಲುಕೋಟೆಯ ಕಲ್ಯಾಣಿಯ ಹತ್ತಿರ, ಹೊಸ ಗಾಡಿಯ ಮೇಲೆ ಅಪ್ಪ, ಹಿಂದೆ ಮಡಿಲಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ ಇಟ್ಟುಕೊಂಡು ಅಮ್ಮ. ನಂಬರ್ ಪ್ಲೇಟಿಗೆ ಇನ್ನೂ ಬಣ್ಣವಾಗಿಲ್ಲ. ಮುಂದಿನ ಚಕ್ರದಲ್ಲಿ ಡ್ರಮ್ ಬೆಳ್ಳಗೆ ಹೊಳೆಯುತ್ತಿದೆ. ಈ ಗಾಡಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಕಿರಲಿಲ್ಲ. ಬ್ರೇಕಿನ ಶೂಗಳಿಗೆ ಹೊಸ ಲೈನಿಂಗ್ ಅಂಟಿಸಿ, ಡ್ರಮ್ಮಿನ ಒಳಮೈಗೆ ಸರಿಯಾಗಿ ಕೂರುವಂತೆ ಉಜ್ಜಿ, ಎರಡೂ ಶೂ ಒಟ್ಟಿಗೆ ಮುಟ್ಟುವಂತೆ ಹೊಂದಿಸಿದೆ. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ತಾಳೆಯಾದವು. ಆ ಜಾಗಕ್ಕೆ ನಾನು ಮರಳುಕಾಗದ ಮುಟ್ಟಿಸುವುದಿಲ್ಲ, ಬಣ್ಣ ಹಚ್ಚುವಾಗ ಟೇಪು ಅಂಟಿಸುತ್ತೇನೆ. ಅಲ್ಲಿ ಒಂದು ಅಂಕಿ ಮಸುಕಾದರೂ ಆರ್‌ಟಿಒ ಕಚೇರಿಯಲ್ಲಿ ಉತ್ತರ ಹೇಳಬೇಕಾದವನು ಮಾಲೀಕ.

ಎಂಜಿನ್ ಕಟ್ಟಿ ಮತ್ತೆ ಲೀಕ್ ಟೆಸ್ಟ್ ಮಾಡಿ ಚಾಲೂ ಮಾಡಿದೆವು. ಮೊದಲ ದಿನ ಮೂರು ಸಲ ಬಿಸಿ ಮಾಡಿ ಪೂರ್ತಿ ಆರಲು ಬಿಟ್ಟೆ. ಎರಡನೆಯ ದಿನ ಕೆಆರ್‌ಎಸ್ ರಸ್ತೆಯಲ್ಲಿ ಥ್ರಾಟಲ್ ಒಂದೇ ಕಡೆ ನಿಲ್ಲಿಸದೆ ನಿಧಾನಕ್ಕೆ ಹೋಗಿ ಬಂದೆ. ಪ್ಲಗ್ಗಿನ ಪಿಂಗಾಣಿ ಎರಡೂ ಕಡೆ ಕಾಫಿಪುಡಿಯ ಬಣ್ಣಕ್ಕೆ ಬಂದಿತ್ತು. 500 ಕಿಲೋಮೀಟರ್ ಆದ ಮೇಲೆ ಅವನನ್ನು ಕರೆಸಿ ಎಕ್ಸಾಸ್ಟ್ ಬಿಚ್ಚಿ ಪೋರ್ಟಿನೊಳಗೆ ಬೆಳಕು ಬಿಟ್ಟೆ. ಎಡ ಪಿಸ್ಟನ್ನಿನ ಮೈ ಮೇಲೆ ಮೆಷಿನಿಂಗ್‌ನ ಸಣ್ಣ ಗೆರೆಗಳು ಹಾಗೇ ಇದ್ದವು, ಎಲ್ಲೂ ಗೀರಿಲ್ಲ. ಆಮೇಲೆ 1,800 ಆಗಿದೆ. ಹಿಡಿದಿಲ್ಲ.

ಫೈಲಿನಲ್ಲಿ ಬಿಲ್ಲುಗಳ ಹಿಂದೆ ಈಗ ಒಂದು ಹಾಳೆ ಸೇರಿದೆ, ಎರಡೂ ಪಿಸ್ಟನ್ನಿನ ನಾಲ್ಕು ಅಳತೆ, ತೂಕ, ಬೋರ್, ಜೆಟ್ಟಿನ ನಂಬರು, ತಾರೀಖು, ಅವನದೇ ಕೈಬರಹದಲ್ಲಿ. ಗೋಣಿಚೀಲ ಅವರ ಮನೆಯ ಅಟ್ಟದ ಮೇಲಿದೆ. ಗುಜರಿಯವನು ಬೀದಿಯಲ್ಲಿ ಕೂಗಿದಾಗ ಯಾರೂ ಅದನ್ನು ಎತ್ತಿ ಕೊಡಬಾರದೆಂದು ಅದರ ಬಾಯಿಗೆ ತಂತಿ ಕಟ್ಟಿ, ಅಪ್ಪನ ಹೆಸರು ಬರೆದ ರಟ್ಟು ಸಿಕ್ಕಿಸಿದ್ದಾನೆ.